ಗೋಡೆ ಮೇಲೆ ಬರಹ ಕಂಡರೆ ಊರಿಗೆ ಗ್ಯಾಂಗ್ ಬಂತೆಂದೇ ಅರ್ಥವೇ?

ಬೆಳಿಗ್ಗೆ ಅಂಗಡಿ ತೆರೆಯಲು ಬಂದರೆ ಶಟರ್ ಮೇಲೆ ಕಪ್ಪು ಬಣ್ಣದಲ್ಲಿ ಓದಲಾಗದ ಅಕ್ಷರಗಳು. ಪಕ್ಕದ ಶಾಲೆಯ ಕಾಂಪೌಂಡಿನ ಮೇಲೂ ಅದೇ ಗುರುತು, ಕೆಳಗೊಂದು ಸಂಖ್ಯೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ: ‘ನಮ್ಮೂರಿಗೂ ಗ್ಯಾಂಗ್ ಬಂತಂತೆ’. ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದ ಮೂಲೆಯಲ್ಲಿ ದಿನವೂ ನಿಲ್ಲುವ ನಾಲ್ಕು ಹುಡುಗರ ಮೇಲೆ ಎಲ್ಲರ ಕಣ್ಣು. ನಿನ್ನೆವರೆಗೆ ಅವರು ಯಾರದೋ ಮನೆಯ ಮಕ್ಕಳು. ಇವತ್ತು ಶಂಕಿತರು.

ಕಳೆದ ಮೂರ್ನಾಲ್ಕು ದಶಕಗಳಲ್ಲಿ ಅಮೆರಿಕದ ಅನೇಕ ಸಣ್ಣ ಪಟ್ಟಣಗಳು ಹಾದುಬಂದ ಅನುಭವ ಇದು. ಲಾಸ್ ಏಂಜಲಿಸ್, ಶಿಕಾಗೋದಂಥ ಮಹಾನಗರಗಳ ರೋಗ ಎಂದುಕೊಂಡಿದ್ದ ಗ್ಯಾಂಗ್‌ಗಳು ತಮ್ಮ ಬೀದಿಗೂ ಬಂದವು ಎಂಬ ಭಯ ಅಲ್ಲಿನ ಜನರನ್ನು ಕಾಡಿತು. ಕೆಲವು ಕಡೆ ಭಯ ನಿಜವಾಯಿತು. ಬಹಳಷ್ಟು ಕಡೆ ಗೋಡೆಯ ಹಿಂದೆ ಇದ್ದದ್ದು ಗ್ಯಾಂಗ್ ಅಲ್ಲ, ಹೆಸರು ಮಾಡುವ ಆಸೆಯಿದ್ದ ಹದಿಹರೆಯದ ಹುಡುಗರು.

ಈ ಎರಡರ ನಡುವಿನ ವ್ಯತ್ಯಾಸ ಗುರುತಿಸುವುದು ಹೇಗೆ? ತಪ್ಪಿದರೆ ಆಗುವ ನಷ್ಟವೇನು? ಅಮೆರಿಕದಲ್ಲಿ ಇದರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಮಚ್ಚು ಹಿಡಿದು ರೀಲ್ಸ್ ಮಾಡುವ ಹುಡುಗರ ಸುದ್ದಿ ಆಗಾಗ ಓದುವ ನಮಗೂ ಆ ಪಾಠ ಉಪಯೋಗಕ್ಕೆ ಬರುವಂಥದ್ದು.

ಶುರುವಾಗಿದ್ದು ಒಂದು ಅಡ್ಡಹೆಸರಿನಿಂದ

ಗೋಡೆಯ ಮೇಲೆ ಬರೆಯುವುದು ಹೊಸತಲ್ಲ. ಆದರೆ ಇಂದು ಗ್ರಾಫಿಟಿ ಎಂದು ಕರೆಯುವ ಸ್ಪ್ರೇ ಬಣ್ಣದ ಬರಹದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಫಿಲಡೆಲ್ಫಿಯಾದಿಂದ ಆರಂಭಿಸುತ್ತಾರೆ. 1960ರ ದಶಕದ ಮಧ್ಯಭಾಗದಲ್ಲಿ ಡ್ಯಾರಿಲ್ ಮೆಕ್‌ಕ್ರೇ ಎಂಬ ಹುಡುಗ ಅಲ್ಲಿನ ಬಾಲಾಪರಾಧಿಗಳ ಕೇಂದ್ರದಲ್ಲಿದ್ದ. ಊಟಕ್ಕೆ ಜೋಳದ ಬ್ರೆಡ್ ಬೇಕೆಂದು ಹಟ ಹಿಡಿಯುತ್ತಿದ್ದುದಕ್ಕೆ ‘ಕಾರ್ನ್‌ಬ್ರೆಡ್’ ಎಂಬ ಅಡ್ಡಹೆಸರು ಬಿತ್ತು. ಕೇಂದ್ರದ ಗೋಡೆಗಳ ತುಂಬ ಗ್ಯಾಂಗ್‌ಗಳ ಹೆಸರಿದ್ದವು. ಯಾವ ಗ್ಯಾಂಗ್‌ಗೂ ಸೇರದ ಆತ ಅವುಗಳ ನಡುವೆ ತನ್ನ ಅಡ್ಡಹೆಸರನ್ನೇ ಬರೆದ.

ಹೊರಗೆ ಬಂದ ಮೇಲೆ ಊರೆಲ್ಲ ಅದೇ ಹೆಸರು. ಮೊದಮೊದಲು ಮೆಚ್ಚಿದ ಹುಡುಗಿಯ ಗಮನ ಸೆಳೆಯಲು ಬರೆದನಂತೆ. ಮುಂದೊಮ್ಮೆ ಕೊಲೆಯಾದ ಯುವಕನೇ ಕಾರ್ನ್‌ಬ್ರೆಡ್ ಎಂದು ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದಾಗ, ತಾನು ಬದುಕಿದ್ದೇನೆ ಎಂದು ಸಾರಲು ಮೃಗಾಲಯಕ್ಕೆ ನುಗ್ಗಿ ಆನೆಯ ಮೈಮೇಲೆ ಹೆಸರು ಬರೆದೆ ಎಂದು ಆತನೇ ನಂತರ ಹೇಳಿಕೊಂಡಿದ್ದಾನೆ.

ನ್ಯೂಯಾರ್ಕ್‌ನಲ್ಲಿ ಈ ಗೀಳು ಹಬ್ಬಿಸಿದ ಹೆಸರು ‘ಟಾಕಿ 183’. 183ನೇ ಬೀದಿಯ ನಿವಾಸಿಯಾಗಿದ್ದ ಗ್ರೀಕ್ ಮೂಲದ ಈ ಹುಡುಗ ಕಾಗದಪತ್ರ ತಲುಪಿಸುವ ಕೆಲಸಕ್ಕೆ ಹೋದಲ್ಲೆಲ್ಲ ಹೆಸರು ಗೀಚುತ್ತಿದ್ದ. 1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಆತನ ಬಗ್ಗೆ ಬರೆದದ್ದೇ ತಡ, ನೂರಾರು ಹುಡುಗರು ಮಾರ್ಕರ್ ಹಿಡಿದರು. ಇಬ್ಬರಿಗೂ ಗ್ಯಾಂಗ್ ಇರಲಿಲ್ಲ, ಪ್ರದೇಶದ ಜಗಳ ಇರಲಿಲ್ಲ. ‘ನಾನೂ ಇದ್ದೇನೆ’ ಎಂದು ಹೇಳಿಕೊಳ್ಳುವ ಹಂಬಲವೊಂದೇ ಇದ್ದದ್ದು.

ಈ ಬಗೆಯ ಬರಹಕ್ಕೆ ‘ಟ್ಯಾಗ್’ ಎನ್ನುತ್ತಾರೆ. ಅಮೆರಿಕದ ಗೋಡೆಗಳಲ್ಲಿ ಕಾಣುವ ಬರಹಗಳಲ್ಲಿ ದೊಡ್ಡ ಪಾಲು ಇಂಥ ಟ್ಯಾಗ್‌ಗಳದ್ದೇ. ಗ್ಯಾಂಗ್‌ಗಳದ್ದು ಸಣ್ಣ ಪಾಲು.

ಗ್ಯಾಂಗ್ ಬರಹವೇ ಬೇರೆ

ಹಾಗಾದರೆ ಗ್ಯಾಂಗ್ ಬರಹ ಎಂದರೇನು? ಟ್ಯಾಗ್ ಬರೆಯುವವನಿಗೆ ತನ್ನ ಹೆಸರು ಮುಖ್ಯ. ಗ್ಯಾಂಗ್ ಬರಹದಲ್ಲಿ ಜಾಗ ಮುಖ್ಯ. ‘ಈ ಬೀದಿ ನಮ್ಮದು’ ಎಂಬ ಬೇಲಿ ಅದು. ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮೂಲದವರ ಬಡಾವಣೆಗಳಲ್ಲಿ ಸ್ಪ್ರೇ ಡಬ್ಬಿ ಬರುವುದಕ್ಕಿಂತ ಮೊದಲೇ ಇಂಥ ಬರಹದ ಪದ್ಧತಿ ಇತ್ತು. ಗುಂಪಿನ ಹೆಸರು, ಬೀದಿಯ ಹೆಸರು, ಅದರ ಕೆಳಗೆ ಸದಸ್ಯರ ಅಡ್ಡಹೆಸರುಗಳ ಸಾಲು.

ಸಂಖ್ಯೆಗಳಿಗೂ ಅರ್ಥವಿದೆ. ಕ್ಯಾಲಿಫೋರ್ನಿಯಾದಲ್ಲಿ ದಕ್ಷಿಣದ ‘ಸುರೇನೊ’ ಗುಂಪುಗಳು 13 ಎಂದು ಬರೆಯುತ್ತವೆ. ಇಂಗ್ಲಿಷ್ ವರ್ಣಮಾಲೆಯ 13ನೇ ಅಕ್ಷರ ‘ಎಂ’. ಉತ್ತರದ ‘ನೊರ್ತೇನೊ’ ಗುಂಪುಗಳದ್ದು 14, ಅಂದರೆ ‘ಎನ್’. ಒಬ್ಬರ ಬಣ್ಣ ನೀಲಿ, ಇನ್ನೊಬ್ಬರದು ಕೆಂಪು. ಶಿಕಾಗೋ ಕಡೆ ನಕ್ಷತ್ರಗಳ ಲೆಕ್ಕ. ‘ಫೋಕ್ ನೇಷನ್’ ಕೂಟದ ಗ್ಯಾಂಗ್‌ಗಳಿಗೆ ಆರು ಮೂಲೆಯ ನಕ್ಷತ್ರ, ‘ಪೀಪಲ್ ನೇಷನ್’ ಕೂಟದವರಿಗೆ ಐದು ಮೂಲೆಯದ್ದು. ಎದುರಾಳಿಯ ಗುರುತನ್ನು ತಲೆಕೆಳಗಾಗಿ ಬರೆದರೆ ಅದು ಅವಮಾನ. ಅದರ ಮೇಲೆ ಗೀಟು ಎಳೆದರೆ ಸವಾಲು.

ಪೊಲೀಸರು ಆತಂಕಪಡುವುದು ಈ ಗೀಟಿಗೆ. ಒಂದು ಗುಂಪಿನ ಹೆಸರಿನ ಮೇಲೆ ಇನ್ನೊಂದು ಗುಂಪು ಗೀಟು ಹಾಕಿ, ಮರುದಿನ ಅದಕ್ಕೆ ಉತ್ತರ ಬಿದ್ದರೆ ಅದು ಗೋಡೆಯ ಮೇಲೆ ನಡೆಯುತ್ತಿರುವ ಜಗಳ. ಕೆಳಗಿಳಿದು ಬೀದಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಗುರುತು ಬಂತು, ಗ್ಯಾಂಗ್ ಬಂತೇ?

1980ರ ದಶಕದಲ್ಲಿ ಈ ಗುರುತುಗಳು ಮಹಾನಗರ ದಾಟಿದವು. 1983ರ ಸಾಕ್ಷ್ಯಚಿತ್ರ ‘ಸ್ಟೈಲ್ ವಾರ್ಸ್’ ನ್ಯೂಯಾರ್ಕ್ ರೈಲುಗಳ ಬರಹವನ್ನು ಜಗತ್ತಿಗೆ ತೋರಿಸಿತು. 1988ರ ‘ಕಲರ್ಸ್’ ಸಿನಿಮಾ ಲಾಸ್ ಏಂಜಲಿಸ್ ಗ್ಯಾಂಗ್‌ಗಳ ಬಣ್ಣ, ಉಡುಪು, ಕೈಸನ್ನೆಗಳನ್ನು ಊರೂರಿನ ಪರದೆಗೆ ತಂದಿತು. ರ‍್ಯಾಪ್ ಹಾಡು ಮತ್ತು ಸಂಗೀತ ವಿಡಿಯೊಗಳು ಉಳಿದ ಕೆಲಸ ಮಾಡಿದವು. ಹತ್ತಿಪ್ಪತ್ತು ಸಾವಿರ ಜನರ ಪಟ್ಟಣದ ಹುಡುಗನಿಗೂ ಶಿಕಾಗೋದ ನಕ್ಷತ್ರ ಬರೆಯುವುದು ಗೊತ್ತಾಯಿತು.

ಅಮೆರಿಕ ಸರ್ಕಾರದ ನೆರವಿನ ರಾಷ್ಟ್ರೀಯ ಯುವ ಗ್ಯಾಂಗ್ ಸಮೀಕ್ಷೆ ಪೊಲೀಸ್ ಇಲಾಖೆಗಳನ್ನು ಪ್ರತಿವರ್ಷ ಪ್ರಶ್ನಿಸುತ್ತಿತ್ತು. 1996ರಲ್ಲಿ ದೊಡ್ಡ ನಗರಗಳ ಪೈಕಿ ನಾಲ್ಕರಲ್ಲಿ ಮೂರರಷ್ಟು ಕಡೆ ಗ್ಯಾಂಗ್ ಸಮಸ್ಯೆ ಇದೆ ಎಂಬ ಉತ್ತರ ಬಂತು. ಅಚ್ಚರಿಯೆಂದರೆ ಸಣ್ಣ ನಗರಗಳಲ್ಲೂ ಮೂರನೇ ಒಂದು ಭಾಗ, ಗ್ರಾಮೀಣ ಜಿಲ್ಲೆಗಳಲ್ಲಿ ನಾಲ್ಕನೇ ಒಂದು ಭಾಗ ‘ಹೌದು’ ಎಂದವು. ಸಮೀಕ್ಷೆ ಕೊನೆಯ ಬಾರಿ ನಡೆದ 2012ರಲ್ಲಿ ದೇಶದಲ್ಲಿ ಸುಮಾರು 30,700 ಗ್ಯಾಂಗ್‌ಗಳು, 8.5 ಲಕ್ಷ ಸದಸ್ಯರು ಎಂಬ ಅಂದಾಜು ಸಿಕ್ಕಿತು. ಆದರೆ ಸಮಸ್ಯೆ ಇದೆ ಎಂದ ಸಣ್ಣ ನಗರಗಳು ಆ ಹೊತ್ತಿಗೆ ಕಾಲುಭಾಗಕ್ಕೆ ಇಳಿದಿದ್ದವು.

ಮಹಾನಗರದ ಗ್ಯಾಂಗ್‌ಗಳು ಮಾದಕ ವಸ್ತು ಮಾರಲು ಸಣ್ಣ ಊರುಗಳಲ್ಲಿ ‘ಶಾಖೆ’ ತೆರೆಯುತ್ತಿವೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಇದನ್ನು ಪರಿಶೀಲಿಸಿದವರಲ್ಲಿ ಸಂಶೋಧಕಿ ಷೆರಿಲ್ ಮ್ಯಾಕ್ಸನ್ ಪ್ರಮುಖರು. 1998ರಲ್ಲಿ ಪ್ರಕಟವಾದ ಅವರ ವರದಿ ಬೇರೆಯದನ್ನೇ ಹೇಳಿತು. ಗ್ಯಾಂಗ್ ಸದಸ್ಯರು ಊರು ಬದಲಿಸಲು ಅರ್ಧಕ್ಕೂ ಹೆಚ್ಚು ಕಡೆ ಪೊಲೀಸರು ಕೊಟ್ಟ ಕಾರಣ ಸಾಮಾಜಿಕವಾದದ್ದು. ಅದರಲ್ಲೂ ಮುಖ್ಯವಾಗಿ ಕುಟುಂಬವೇ ಬೇರೆ ಊರಿಗೆ ಹೋದದ್ದು. ಅಪ್ಪನಿಗೆ ಕೆಲಸ ಸಿಕ್ಕಿತೆಂದೋ, ಮಗ ಕೆಟ್ಟ ಸಹವಾಸದಿಂದ ದೂರವಾಗಲೆಂದೋ ಹೊರಟ ಮನೆಗಳವು. ಮಾದಕ ವಸ್ತುವಿನ ವ್ಯಾಪಾರ ಎರಡನೇ ಸಾಲಿನ ಕಾರಣ.

ಇನ್ನೂ ಕುತೂಹಲಕರ ಸಂಗತಿ ಮಿಲ್ವಾಕಿ ನಗರದ್ದು. ಶಿಕಾಗೋದಿಂದ ಒಂದೂವರೆ ಗಂಟೆ ದೂರದ ಈ ನಗರದಲ್ಲಿ ಶಿಕಾಗೋ ಗ್ಯಾಂಗ್‌ಗಳ ಹೆಸರು, ಗುರುತುಗಳೇ ಗೋಡೆಗಳಲ್ಲಿ ಕಂಡವು. ಶಿಕಾಗೋದವರು ಬಂದರು ಎಂದು ಎಲ್ಲರೂ ಭಾವಿಸಿದರು. ಜಾನ್ ಹೇಗಡಾರ್ನ್ ಗ್ಯಾಂಗ್‌ನ ಹುಡುಗರ ಜೊತೆಗೇ ಕುಳಿತು ಮಾತಾಡಿ 1988ರಲ್ಲಿ ಪುಸ್ತಕ ಪ್ರಕಟಿಸಿದರು. ಅವರಿಗೆ ಸಿಕ್ಕಿದ್ದು ಅಲ್ಲಿಯೇ ಹುಟ್ಟಿ ಬೆಳೆದ ಹುಡುಗರು. ಬೀದಿ ಮೂಲೆಯ ಗೆಳೆಯರ ಗುಂಪುಗಳು, ಬ್ರೇಕ್ ಡಾನ್ಸ್ ತಂಡಗಳು. ಡಾನ್ಸ್ ಸ್ಪರ್ಧೆಯ ನಂತರದ ಹೊಡೆದಾಟಗಳಲ್ಲಿ ಕೆಲವು ತಂಡಗಳು ಗ್ಯಾಂಗ್ ಆಗಿದ್ದವು. ಹೆಸರು ಶಿಕಾಗೋದ್ದು, ಹುಡುಗರು ಊರಿನವರೇ.

ಅಂದರೆ ಸಣ್ಣ ಊರುಗಳಿಗೆ ಎಷ್ಟೋ ಸಲ ಗ್ಯಾಂಗ್ ‘ಬರುವುದಿಲ್ಲ’. ಅದರ ಅನುಕರಣೆ ಬರುತ್ತದೆ.

ಹಾಗಂತ ಭಯ ಸುಳ್ಳೇ?

ಇಷ್ಟು ಓದಿ ‘ಹುಡುಗಾಟ ಬಿಡಿ’ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಹಗ್ಗ ಕಂಡು ಹಾವೆಂದು ಬೆಚ್ಚುವುದು ಒಂದು ತಪ್ಪಾದರೆ, ಹಾವನ್ನೇ ಹಗ್ಗವೆಂದು ಹಿಡಿಯುವುದು ಇನ್ನೊಂದು.

ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಮತ್ತು ಕೊಲಂಬಸ್ ನಗರಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ಸಿ. ರೊನಾಲ್ಡ್ ಹಫ್, ‘ನಮ್ಮಲ್ಲಿ ಗ್ಯಾಂಗ್ ಇಲ್ಲವೇ ಇಲ್ಲ’ ಎಂಬ ಅಧಿಕಾರಿಗಳ ನಿರಾಕರಣೆಯೇ ಸಮಸ್ಯೆ ಬೇರೂರಲು ದಾರಿ ಮಾಡಿತು ಎಂದು ಗುರುತಿಸಿದರು. ಊರಿನ ಹೆಸರು ಕೆಡಬಾರದು, ವ್ಯಾಪಾರ ಹಾಳಾಗಬಾರದು ಎಂಬ ಕಾಳಜಿಯಲ್ಲಿ ಗೋಡೆಯ ಬರಹ ಕಂಡೂ ಕಾಣದಂತೆ ಇದ್ದುಬಿಡುವುದು ಎಲ್ಲ ಊರುಗಳ ಆಡಳಿತಕ್ಕೂ ಸುಲಭದ ದಾರಿ. ಸ್ಥಳೀಯ ಹುಡುಗರ ಅನುಕರಣೆಯ ಗುಂಪಾದರೂ ಕೈಗೆ ಚಾಕು, ಬಂದೂಕು ಬಂದ ಮೇಲೆ ಗಾಯ ಮಾತ್ರ ಅಸಲಿಯೇ.

ಬರಹ ಹಾಗೇ ಉಳಿದರೆ ಉಳಿದವರ ವರ್ತನೆಯೂ ಬದಲಾಗುತ್ತದೆ. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ‘ಒಡೆದ ಕಿಟಕಿ’ ಎಂಬ ಪ್ರಸಿದ್ಧ ವಾದ ಮುಂದಿಟ್ಟರು. ಒಡೆದ ಒಂದು ಕಿಟಕಿಯನ್ನು ರಿಪೇರಿ ಮಾಡದೆ ಬಿಟ್ಟರೆ ಇಲ್ಲಿ ಕೇಳುವವರಿಲ್ಲ ಎಂಬ ಸಂದೇಶ ಹೋಗಿ, ಉಳಿದ ಕಿಟಕಿಗಳೂ ಒಡೆಯುತ್ತವೆ ಎಂಬುದು ಅದರ ತಿರುಳು.

ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ನಗರದಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿದರು. ಗಲ್ಲಿಯೊಂದರಲ್ಲಿ ನಿಲ್ಲಿಸಿದ್ದ ಸೈಕಲ್‌ಗಳ ಹ್ಯಾಂಡಲ್‌ಗೆ ಜಾಹೀರಾತು ಚೀಟಿ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಡಬ್ಬಿ ಇರಲಿಲ್ಲ. ಗೋಡೆ ಸ್ವಚ್ಛವಾಗಿದ್ದಾಗ ಚೀಟಿಯನ್ನು ನೆಲಕ್ಕೆ ಎಸೆದವರು ಶೇ. 33. ಅದೇ ಗೋಡೆಯ ಮೇಲೆ ಬರಹ ಗೀಚಿದ ಮೇಲೆ ಎಸೆದವರು ಶೇ. 69. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಇದು. ಸಣ್ಣ ಅಶಿಸ್ತು ಇನ್ನೊಂದು ಅಶಿಸ್ತಿಗೆ ದಾರಿ ಮಾಡುತ್ತದೆ ಎಂಬುದಕ್ಕೆ ಇದು ಪುರಾವೆ. ಆದರೆ ಗೋಡೆ ಬರಹವೇ ಗಂಭೀರ ಅಪರಾಧ ತರುತ್ತದೆ ಎಂಬುದು ಇನ್ನೂ ವಿವಾದದಲ್ಲಿರುವ ಮಾತು.

ಹಣೆಪಟ್ಟಿಯ ಬೆಲೆ

ಭಯಗೊಂಡ ಊರು ಮೊದಲು ಮಾಡುವ ಕೆಲಸ ಪಟ್ಟಿ. ಯಾರು ಗ್ಯಾಂಗ್‌ನವರು ಎಂಬ ಪಟ್ಟಿ. ಕ್ಯಾಲಿಫೋರ್ನಿಯಾದಲ್ಲಿ ಇದು ‘ಕ್ಯಾಲ್‌ಗ್ಯಾಂಗ್’ ಎಂಬ ಕಂಪ್ಯೂಟರ್ ದಾಖಲೆಯಾಗಿ ಬೆಳೆಯಿತು. ಅಪರಾಧ ಸಾಬೀತಾಗಬೇಕಿರಲಿಲ್ಲ. ಗ್ಯಾಂಗ್‌ನವರ ಜೊತೆ ಕಾಣಿಸಿಕೊಂಡದ್ದು, ಗ್ಯಾಂಗ್ ಉಡುಪು ತೊಟ್ಟದ್ದು, ಗ್ಯಾಂಗ್ ಇರುವ ಜಾಗದಲ್ಲಿ ಸಿಕ್ಕಿದ್ದು, ಇಂಥ ಲಕ್ಷಣಗಳ ಮೇಲೆ ಹೆಸರು ಸೇರುತ್ತಿತ್ತು.

2016ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಪರಿಶೀಲಿಸಿದಾಗ ಅದರಲ್ಲಿ ಒಂದೂವರೆ ಲಕ್ಷದಷ್ಟು ಹೆಸರುಗಳಿದ್ದವು. ಅವುಗಳಲ್ಲಿ 42 ಮಂದಿ, ದಾಖಲೆಯ ಪ್ರಕಾರ, ಪಟ್ಟಿಗೆ ಸೇರಿದಾಗ ಒಂದು ವರ್ಷವೂ ತುಂಬದ ಶಿಶುಗಳು! ಆ ಪೈಕಿ 28 ಮಂದಿ ‘ತಾನು ಗ್ಯಾಂಗ್ ಸದಸ್ಯ ಎಂದು ಒಪ್ಪಿಕೊಂಡಿದ್ದಾರೆ’ ಎಂಬ ಷರಾ ಬೇರೆ ಇತ್ತು. ಹುಟ್ಟಿದ ದಿನಾಂಕ ತಪ್ಪಾಗಿ ನಮೂದಾಗಿರಬಹುದು ಎಂದು ಸುಲಭವಾಗಿ ಊಹಿಸಬಹುದು. ಆದರೆ ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳದಿದ್ದರೆ, 15 ವರ್ಷದ ಹುಡುಗನ ಹೆಸರು ತಪ್ಪಾಗಿ ಸೇರಿದ್ದು ಯಾರಿಗೆ ಕಾಣಬೇಕು? ಅಪ್ರಾಪ್ತರ ಹೆಸರು ಸೇರಿಸುವ ಮೊದಲು ಪಾಲಕರಿಗೆ ತಿಳಿಸಲೇಬೇಕೆಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದೂ 2013ರಲ್ಲಷ್ಟೇ.

ಹಣೆಪಟ್ಟಿಯಿಂದ ಇನ್ನೊಂದು ಹಾನಿಯೂ ಇದೆ. ಅದು ಗುಂಪನ್ನು ಗಟ್ಟಿ ಮಾಡುತ್ತದೆ. ಶಿಕಾಗೋದಲ್ಲಿ 1,313 ಗ್ಯಾಂಗ್‌ಗಳನ್ನು ಅಧ್ಯಯನ ಮಾಡಿದ ಫ್ರೆಡರಿಕ್ ಥ್ರಾಷರ್ 1927ರಷ್ಟು ಹಿಂದೆಯೇ ಇದನ್ನು ಹೇಳಿದ್ದರು. ಗ್ಯಾಂಗ್ ಹುಟ್ಟುವುದು ಆಟದ ಗೆಳೆಯರ ಗುಂಪಾಗಿ. ಹೊರಗಿನವರ ವಿರೋಧ, ಜಗಳ ಎದುರಾದಾಗ ಅದು ಬಿಗಿಯಾಗಿ ಗ್ಯಾಂಗ್ ಆಗುತ್ತದೆ.

1960ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಳ್ಳೆಯ ಉದ್ದೇಶದಿಂದ ನಡೆದ ಕಾರ್ಯಕ್ರಮವೊಂದರಲ್ಲೂ ಹೀಗೇ ಆಯಿತು. ಗ್ಯಾಂಗ್ ಹುಡುಗರನ್ನು ಒಟ್ಟು ಸೇರಿಸಿ ಸಭೆ, ಪ್ರವಾಸ, ಆಟ ನಡೆಸಿ ತಿದ್ದಲು ಸಮಾಜ ಕಾರ್ಯಕರ್ತರು ಯತ್ನಿಸಿದ್ದರು. ಅದನ್ನು ಪರಿಶೀಲಿಸಿದ ಮಾಲ್ಕಮ್ ಕ್ಲೈನ್‌ಗೆ ಕಂಡದ್ದು ತದ್ವಿರುದ್ಧ ಫಲಿತಾಂಶ. ಗ್ಯಾಂಗ್ ಎಂದೇ ಗುರುತಿಸಿ ಗಮನ ಕೊಟ್ಟಷ್ಟೂ ಹುಡುಗರ ಒಗ್ಗಟ್ಟು ಹೆಚ್ಚಿತು, ಅಪರಾಧವೂ ಹೆಚ್ಚಿತು. ಗ್ಯಾಂಗನ್ನು ತಿದ್ದಲು ಹೋಗುವ ಬದಲು ಒಬ್ಬೊಬ್ಬ ಹುಡುಗನಿಗೂ ಗ್ಯಾಂಗ್‌ನ ಹೊರಗೆ ಒಂದು ದಾರಿ ತೋರಿಸಬೇಕು ಎಂಬುದು ಅಲ್ಲಿಂದ ಬಂದ ಪಾಠ.

ಇದು ಏಕೆ ಮುಖ್ಯವೆಂದರೆ, ಗ್ಯಾಂಗ್ ಸೇರಿದ ಹುಡುಗರಲ್ಲಿ ಬಹಳಷ್ಟು ಮಂದಿ ತಾವಾಗಿಯೇ ಹೊರಬರುತ್ತಾರೆ. ರೋಚೆಸ್ಟರ್, ಡೆನ್ವರ್, ಸಿಯಾಟಲ್ ನಗರಗಳಲ್ಲಿ ಒಂದೇ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳ ಪ್ರಕಾರ, ಹೆಚ್ಚಿನವರು ಗ್ಯಾಂಗ್‌ನಲ್ಲಿ ಇರುವುದು ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ. ಹುಡುಗ ಒಂದು ವರ್ಷದಲ್ಲಿ ಬಿಟ್ಟುಬಿಡುವ ಗುಂಪನ್ನು ಪೊಲೀಸ್ ದಾಖಲೆ ಹಲವು ವರ್ಷ ಅವನ ಬೆನ್ನಿಗೆ ಕಟ್ಟುತ್ತದೆ. ಗುಬ್ಬಿಯ ಮೇಲೆ ಬಿಟ್ಟ ಬ್ರಹ್ಮಾಸ್ತ್ರವನ್ನು ಹಿಂಪಡೆಯುವುದು ಕಷ್ಟ.

ಹಾಗಾದರೆ ಕೆಲಸ ಮಾಡಿದ್ದು ಯಾವುದು?

ಮೊದಲನೆಯದು, ಬೇಗ ಅಳಿಸುವುದು. ನ್ಯೂಯಾರ್ಕ್ ಸಬ್‌ವೇ ಆಡಳಿತ 1984ರಲ್ಲಿ ಒಂದು ನಿಯಮ ತಂದಿತು. ಒಮ್ಮೆ ಸ್ವಚ್ಛಗೊಳಿಸಿದ ಬೋಗಿಯ ಮೇಲೆ ಮತ್ತೆ ಬರಹ ಬಿದ್ದರೆ, ಅಳಿಸುವವರೆಗೆ ಅದು ಹಳಿಗೆ ಇಳಿಯುವಂತಿಲ್ಲ. ರಾತ್ರಿಯೆಲ್ಲ ಬರೆದ ಹುಡುಗನಿಗೆ ಬೆಳಿಗ್ಗೆ ಊರಿಡೀ ಓಡಾಡುವ ತನ್ನ ಹೆಸರು ನೋಡುವ ಸುಖವೇ ಸಿಗಲಿಲ್ಲ. 1989ರ ಮೇ ತಿಂಗಳಲ್ಲಿ ಬರಹವಿದ್ದ ಕೊನೆಯ ರೈಲನ್ನೂ ಸೇವೆಯಿಂದ ತೆಗೆಯಲಾಯಿತು. ಸಣ್ಣ ಪಟ್ಟಣಗಳಿಗೂ ತಜ್ಞರು ಹೇಳುವುದು ಇದನ್ನೇ. ಫೋಟೊ ತೆಗೆದು ಪೊಲೀಸರಿಗೆ ಕೊಡಿ, ಒಂದೆರಡು ದಿನದೊಳಗೆ ಬಣ್ಣ ಬಳಿದುಬಿಡಿ.

ಎರಡನೆಯದು, ಬರೆಯುವ ಕೈಗೆ ಬೇರೆ ಕೆಲಸ. ಗೋಡೆ ಬರಹದ ತವರಾದ ಫಿಲಡೆಲ್ಫಿಯಾದಲ್ಲೇ 1984ರಲ್ಲಿ ಗ್ರಾಫಿಟಿ ವಿರೋಧಿ ಕಾರ್ಯಕ್ರಮ ಶುರುವಾಯಿತು. ಅದಕ್ಕೆ ಸೇರಿದ ಕಲಾವಿದೆ ಜೇನ್ ಗೋಲ್ಡನ್, ಸಿಕ್ಕಿಬಿದ್ದ ಹುಡುಗರ ಕೈಗೇ ಕುಂಚ ಕೊಟ್ಟರು. ಗೀಚುತ್ತಿದ್ದವರು ದೊಡ್ಡ ಭಿತ್ತಿಚಿತ್ರಗಳನ್ನು ಬಿಡಿಸಿದರು. ಅದೇ ಮುಂದೆ ನಗರದ ಭಿತ್ತಿಚಿತ್ರ ಯೋಜನೆಯಾಗಿ ಬೆಳೆದು, ಸಾವಿರಾರು ಗೋಡೆಗಳಿಗೆ ಚಿತ್ರ ಬಂದಿದೆ.

ಮೂರನೆಯದು, ವಯಸ್ಸು ನೋಡಿ ಮಾತಾಡುವುದು. ಗ್ಯಾಂಗ್ ಸೇರುವ ಅಪಾಯ ಹೆಚ್ಚಿರುವುದು 13ರಿಂದ 15 ವರ್ಷದೊಳಗೆ. ಅದಕ್ಕೂ ಮೊದಲೇ ಶಾಲೆಯಲ್ಲಿ ಪೊಲೀಸರಿಂದಲೇ ಪಾಠ ಮಾಡಿಸುವ ‘ಗ್ರೇಟ್’ ಎಂಬ ಕಾರ್ಯಕ್ರಮ 1991ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಆರಂಭವಾಯಿತು. ಅದರ ಮೊದಲ ಆವೃತ್ತಿ ಹೆಚ್ಚು ಫಲ ಕೊಡಲಿಲ್ಲ. ಉಪದೇಶ ಕಡಿಮೆ ಮಾಡಿ, ಸಿಟ್ಟು ತಡೆಯುವುದು, ಗೆಳೆಯರ ಒತ್ತಾಯಕ್ಕೆ ಇಲ್ಲ ಎನ್ನುವುದು ಮುಂತಾದ ಅಭ್ಯಾಸ ಹೆಚ್ಚಿಸಿದ ನಂತರ, ಪಾಠ ಕೇಳಿದ ಒಂದು ವರ್ಷದ ಮೇಲೆ ಗ್ಯಾಂಗ್ ಸೇರುವ ಸಂಭವ ಶೇ. 39ರಷ್ಟು ಕಡಿಮೆ ಇದ್ದುದು ಮೌಲ್ಯಮಾಪನದಲ್ಲಿ ಕಂಡುಬಂತು.

ನಮ್ಮಲ್ಲಿ ಗೋಡೆ ಎಲ್ಲಿದೆ?

ಭಾರತದ ಗೋಡೆಗಳ ಕಥೆ ಬೇರೆ. ನಮ್ಮ ಗೋಡೆ ತುಂಬ ಇರುವುದು ಪಕ್ಷಗಳ ಚಿಹ್ನೆ, ಸಿನಿಮಾ ಪೋಸ್ಟರ್, ಟ್ಯೂಷನ್ ಜಾಹೀರಾತು. ಹುಡುಗರ ಪಾಲಿಗೆ ಉಳಿದದ್ದು ಬಾಣ ಚುಚ್ಚಿದ ಹೃದಯ ಮತ್ತು ಎರಡು ಅಕ್ಷರ. ಅದೂ ಎಷ್ಟೋ ಸಲ ಸ್ಮಾರಕಗಳ ಮೇಲೆ. ಇವೆಲ್ಲಕ್ಕೂ ಕಾನೂನಿದೆ. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಗೆ 1981ರ ಕಾಯ್ದೆ, ದೆಹಲಿಯಲ್ಲಿ 2007ರ ಕಾಯ್ದೆ. ಸಂರಕ್ಷಿತ ಸ್ಮಾರಕದ ಮೇಲೆ ಗೀಚಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಮೆಟ್ರೊ ಬೋಗಿಗೆ ಬಣ್ಣ ಹೊಡೆದ ಪ್ರಕರಣದಲ್ಲಿ ಸಿಕ್ಕಿಬಿದ್ದವರು ಸ್ಥಳೀಯ ಹುಡುಗರಲ್ಲ, ಇಟಲಿಯ ನಾಲ್ವರು.

ಆದರೆ ‘ನಾನೂ ಇದ್ದೇನೆ’ ಎಂಬ ಹಂಬಲ ನಮ್ಮ ಹುಡುಗರಿಗೂ ಇದೆ. ಅವರ ಗೋಡೆ ಇರುವುದು ಮೊಬೈಲಿನಲ್ಲಿ. ತಲವಾರಿನಿಂದ ಹುಟ್ಟುಹಬ್ಬದ ಕೇಕ್ ಕತ್ತರಿಸುವ ವಿಡಿಯೊ, ಮಚ್ಚು ಹಿಡಿದು ನಡೆಯುವ ರೀಲ್ಸ್, ಹಿನ್ನೆಲೆಗೊಂದು ಸಿನಿಮಾ ಡೈಲಾಗ್, ಹೆಸರಿನ ಮುಂದೆ ‘ಭಾಯ್’ ಅಥವಾ ‘ಬಾಸ್’. ಎದುರಾಳಿಗೆ ಸವಾಲು ಹೋಗುವುದೂ ಅಲ್ಲಿಂದಲೇ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದ ರೀಲ್ಸ್ ಪ್ರಕರಣದಲ್ಲಿ ಬಂಧನಕ್ಕೊಳಗಾದವರು ಕಿರುತೆರೆಯ ಇಬ್ಬರು ನಟರು. ತೆರೆಯ ಮೇಲಿನವರನ್ನೇ ನೋಡಿ ಕಲಿಯುವ ಹದಿನೈದರ ಹುಡುಗನಿಗೆ ಅದು ಯಾವ ಸಂದೇಶ ಕೊಟ್ಟೀತು?

ಪುಣೆಯ ಕನ್ನಡಿಗರಿಗೆ ‘ಕೊಯ್ತಾ ಗ್ಯಾಂಗ್’ ಎಂಬ ಮಾತು ಹೊಸತಲ್ಲ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಅದನ್ನು ಝಳಪಿಸಿ ಅಂಗಡಿಯವರನ್ನು ಬೆದರಿಸುವ ಹುಡುಗರ ಹಾವಳಿ 2022-23ರಲ್ಲಿ ಎಷ್ಟು ಹೆಚ್ಚಿತೆಂದರೆ, ಕೊಯ್ತಾ ಕೊಳ್ಳುವವರ ಆಧಾರ್ ವಿವರ ಪಡೆಯುವಂತೆ ಪೊಲೀಸರು ಅಂಗಡಿಗಳಿಗೆ ಸೂಚಿಸಿದ್ದರು. ಗಮನಿಸಬೇಕಾದ ಸಂಗತಿಯೆಂದರೆ ಅದು ಒಂದೇ ಗ್ಯಾಂಗ್‌ನ ಹೆಸರಲ್ಲ. ಬೇರೆ ಬೇರೆ ಬಡಾವಣೆಗಳ ಬೇರೆ ಬೇರೆ ಗುಂಪುಗಳಿಗೆಲ್ಲ ಜನ ಮತ್ತು ಮಾಧ್ಯಮ ಇಟ್ಟ ಒಂದೇ ಹೆಸರು. ಹೆಸರು ದೊಡ್ಡದಾದಷ್ಟು ಅದನ್ನು ಹೊತ್ತುಕೊಳ್ಳುವ ಆಸೆಯೂ ಹೆಚ್ಚುತ್ತದೆ ಎಂಬುದನ್ನು ಮಿಲ್ವಾಕಿ ಆಗಲೇ ತೋರಿಸಿತ್ತು.

ಪಟ್ಟಿಯ ಪ್ರಶ್ನೆಯೂ ನಮಗೆ ಅಪರಿಚಿತವಲ್ಲ. ಅಲ್ಲಿ ಗ್ಯಾಂಗ್ ದಾಖಲೆ, ಇಲ್ಲಿ ರೌಡಿ ಶೀಟ್, ಹಿಸ್ಟರಿ ಶೀಟ್. ದೆಹಲಿಯ ಪ್ರಕರಣವೊಂದರಲ್ಲಿ ಹಿಸ್ಟರಿ ಶೀಟ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳ ವಿವರ ಸೇರಿದ್ದನ್ನು 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಇಂಥ ದಾಖಲೆಗೆ ಸೇರದಂತೆ ಎಲ್ಲ ರಾಜ್ಯಗಳೂ ಎಚ್ಚರ ವಹಿಸಬೇಕೆಂದು ಹೇಳಿತು. 2015ರ ಬಾಲನ್ಯಾಯ ಕಾಯ್ದೆಯಂತೂ 18 ವರ್ಷದೊಳಗಿನವರ ಗುರುತು ಪ್ರಕಟಿಸುವುದನ್ನೇ ನಿಷೇಧಿಸಿದೆ. ಸಿಕ್ಕಿಬಿದ್ದ ಹುಡುಗನ ಮುಖ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಇದನ್ನು ನೆನಪಿಡಬೇಕು.

ಹಣೆಪಟ್ಟಿ ಇಡೀ ಬಡಾವಣೆಗೂ ಬೀಳಬಹುದು. ನಗರದ ಬೇರೆ ಬೇರೆ ಕಡೆಯಿಂದ ಎತ್ತಂಗಡಿಯಾದ ಬಡವರಿಗೆ ಮನೆ ಕೊಟ್ಟ ಚೆನ್ನೈನ ಕಣ್ಣಗಿ ನಗರಕ್ಕೆ ಅಪರಾಧಿಗಳ ಜಾಗ ಎಂಬ ಕೆಟ್ಟ ಹೆಸರು ಅಂಟಿತ್ತು. 2020ರಲ್ಲಿ ಕಲಾವಿದರು ಅಲ್ಲಿನ ಕಟ್ಟಡಗಳ ಮೇಲೆ ದೊಡ್ಡ ಚಿತ್ರಗಳನ್ನು ಬಿಡಿಸಿ ಅದನ್ನೊಂದು ಕಲಾ ಬಡಾವಣೆ ಮಾಡಿದರು. ಚಿತ್ರದಿಂದಲೇ ನೌಕರಿ ಸಿಗುವುದಿಲ್ಲ ನಿಜ. ಆದರೆ ಭಯದಿಂದ ದೂರವಿದ್ದವರು ನೋಡಲೆಂದಾದರೂ ಅತ್ತ ಹೋಗುವಂತಾಯಿತು.

ಪಾಲಕರು ಏನು ನೋಡಬೇಕು?

ಮಗನ ನೋಟ್‌ಬುಕ್ಕಿನಲ್ಲಿ ವಿಚಿತ್ರ ಅಕ್ಷರ ಕಂಡರೆ, ಫೋನಿನಲ್ಲಿ ಮಚ್ಚಿನ ವಿಡಿಯೊ ಸಿಕ್ಕರೆ ಗಾಬರಿ ಸಹಜ. ಆದರೆ ಒಂದೇ ಗುರುತಿನಿಂದ ತೀರ್ಮಾನ ಬೇಡ. ಲೆಕ್ಕಕ್ಕೆ ಬರುವುದು ಒಟ್ಟಾಗಿ ಕಾಣುವ ಬದಲಾವಣೆಗಳು. ಹಳೆಯ ಗೆಳೆಯರೆಲ್ಲ ಏಕಾಏಕಿ ದೂರವಾದದ್ದು, ಶಾಲೆ ತಪ್ಪಿಸುವುದು, ಎಲ್ಲಿಂದ ಬಂತೆಂದು ಹೇಳಲಾಗದ ದುಡ್ಡು ಅಥವಾ ಫೋನು, ವಿವರಣೆ ಇಲ್ಲದ ಗಾಯ, ಯಾವುದೋ ಬೀದಿಗೆ ಹೋಗಲು ಭಯ, ಚೀಲದಲ್ಲಿ ಆಯುಧ. ಇವುಗಳಲ್ಲಿ ಮೂರ್ನಾಲ್ಕು ಕೂಡಿದರೆ, ಅಥವಾ ಆಯುಧವೊಂದೇ ಸಿಕ್ಕರೂ, ತಡಮಾಡಬಾರದು.

ಮೊದಲ ಮಾತು ಮನೆಯಲ್ಲೇ ಆಗಲಿ. ‘ಯಾರ ಜೊತೆ ಸೇರಿದ್ದೀಯ?’ ಎಂಬ ಗದರಿಕೆಗಿಂತ ‘ಯಾರಿಗಾದರೂ ಹೆದರಿದ್ದೀಯಾ?’ ಎಂಬ ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ರಕ್ಷಣೆ ಸಿಗುತ್ತದೆಂದು ಗುಂಪು ಸೇರುವ ಹುಡುಗರೂ ಬಹಳ ಮಂದಿ. ನಂತರ ಶಾಲೆಯ ಶಿಕ್ಷಕರು, ಆಪ್ತ ಸಮಾಲೋಚಕರು. ಮಕ್ಕಳ ಸಹಾಯವಾಣಿ 1098 ದಿನವಿಡೀ ಲಭ್ಯ. ಬೆದರಿಕೆ, ಹಲ್ಲೆ, ಆಯುಧದ ಮಾತು ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಪ್ರಕರಣ ನೋಡಿಕೊಳ್ಳುವ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

ಗೋಡೆಯ ಬರಹವನ್ನು ಅಳಿಸಲು ಒಂದು ಡಬ್ಬಿ ಬಣ್ಣ, ಅರ್ಧ ದಿನದ ಕೂಲಿ ಸಾಕು. ಹುಡುಗನ ಹೆಸರಿನ ಮುಂದೆ ಊರು ಬರೆದಿಟ್ಟ ಬರಹ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಗೋಡೆಗೆ ಬಣ್ಣ ಬಳಿಯುವುದರಲ್ಲಿ ಆತುರವಿರಲಿ, ಹುಡುಗನನ್ನು ಗ್ಯಾಂಗ್‌ನವನು ಎನ್ನುವುದರಲ್ಲಿ ಬೇಡ.